ಪ್ರಾವಿಡೆನ್ಸಿನ ಗುಲಾಮಗಿರಿ ಅಧ್ಯಯನ ಕೇಂದ್ರದ ಬಾಗಿಲು ನಮಗೂ ತೆರೆದಿದೆ: ನ್ಯೂ ಇಂಗ್ಲೆಂಡಿನ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ರೋಡ್ ಐಲೆಂಡ್, ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನೂ ನಮ್ಮ ಕನ್ನಡ ಕೂಟಗಳ ಪದಾಧಿಕಾರಿಗಳನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಗುಲಾಮಗಿರಿ ಮತ್ತು ನ್ಯಾಯದ ಅಧ್ಯಯನಕ್ಕೆಂದೇ ಮೀಸಲಾದ ಒಂದು ಕೇಂದ್ರವಿದೆ. ಅದಕ್ಕೆ ಈಗ ವಿಶ್ವವಿದ್ಯಾಲಯದ ಹಿಂದಿನ ಅಧ್ಯಕ್ಷೆ ರೂತ್ ಸಿಮನ್ಸ್ ಅವರ ಹೆಸರಿಟ್ಟಿದ್ದಾರೆ. ಉಪನ್ಯಾಸ, ಚರ್ಚೆ, ಕಲಾ ಪ್ರದರ್ಶನಗಳ ಜೊತೆಗೆ ಆವರಣದ ಕಟ್ಟಡಗಳ ನಡುವೆ ನಡೆಯುತ್ತಲೇ ಗುಲಾಮಗಿರಿಯ ಚರಿತ್ರೆಯನ್ನು ವಿವರಿಸುವ ಪಾದಯಾತ್ರೆಯನ್ನೂ ಆ ಕೇಂದ್ರ ಏರ್ಪಡಿಸುತ್ತದೆ. ಇವು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದವಲ್ಲ, ಊರಿನ ಜನರೂ ಬರಲೆಂದೇ ನಡೆಯುತ್ತವೆ. ಮಗಳೋ ಮಗನೋ ಇಂಥ ಕಡೆ ಓದಲಿ ಎಂಬ ಆಸೆಯಿಂದ ಪ್ರತಿ ಬೇಸಿಗೆಯಲ್ಲಿ ಅದೇ ಹುಲ್ಲುಹಾಸಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ನಾವು, ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿರುವ ಈ ಕೇಂದ್ರದ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಇದು ಬೇರೆಯವರ ಚರಿತ್ರೆ, ನಾವು ಆಮೇಲೆ ಬಂದವರು ಎಂಬ ಭಾವನೆಯೇ ಅದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಆ ಭಾವನೆಗೆ ಆಧಾರವಿಲ್ಲವೆಂದು ವಾದಿಸುವುದು ಈ ಪತ್ರದ ಉದ್ದೇಶ.

ಮೊದಲು ಕೇಂದ್ರ ಹುಟ್ಟಿಕೊಂಡ ಬಗೆಯನ್ನು ಹೇಳಬೇಕು. ಟೆಕ್ಸಾಸಿನ ಗೇಣಿ ರೈತರ ಮನೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದ ರೂತ್ ಸಿಮನ್ಸ್ 2001ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ಅಮೆರಿಕದ ಎಂಟು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗಿಗೆ ಸೇರಿದ ವಿಶ್ವವಿದ್ಯಾಲಯವೊಂದರ ಚುಕ್ಕಾಣಿ ಹಿಡಿದ ಮೊದಲ ಕಪ್ಪು ವ್ಯಕ್ತಿ ಅವರೇ. 2003ರಲ್ಲಿ ಅವರು ತಮ್ಮ ಸಂಸ್ಥೆಗೂ ಗುಲಾಮರ ವ್ಯಾಪಾರಕ್ಕೂ ಇದ್ದ ನಂಟನ್ನು ಶೋಧಿಸಲು ಒಂದು ಸಮಿತಿಯನ್ನು ನೇಮಿಸಿದರು. ಇತಿಹಾಸಕಾರ ಜೇಮ್ಸ್ ಕ್ಯಾಂಪ್‌ಬೆಲ್ ಅದರ ಅಧ್ಯಕ್ಷರಾಗಿದ್ದರು. ಆ ಸಮಿತಿ ಕೋಣೆಯ ಬಾಗಿಲು ಹಾಕಿಕೊಂಡು ಕಡತ ಓದಿ ಮುಗಿಸಲಿಲ್ಲ. ಮೂರು ವರ್ಷಗಳ ಕಾಲ ಮೂವತ್ತಕ್ಕೂ ಹೆಚ್ಚು ಸಾರ್ವಜನಿಕ ಕಾರ್ಯಕ್ರಮಗಳನ್ನು ನಡೆಸಿ, ಜನರೆದುರಿಗೇ ವಾದ ವಿವಾದಗಳನ್ನು ಕೇಳಿ, 2006ರಲ್ಲಿ ವರದಿ ಒಪ್ಪಿಸಿತು. ವರದಿಯ ಶಿಫಾರಸುಗಳಲ್ಲಿ ಒಂದು ಈ ಕೇಂದ್ರ. ಅದು 2012ರಲ್ಲಿ ರೂಪುಗೊಂಡಿತು, ಮೊದಲ ನಿರ್ದೇಶಕರಾಗಿ ಆಂಥೊನಿ ಬೋಗ್ಸ್ ಬಂದರು. ಸಾರ್ವಜನಿಕ ಕಾರ್ಯಕ್ರಮಗಳು ಕೇಂದ್ರಕ್ಕೆ ಆಮೇಲೆ ಅಂಟಿಸಿದ ಅಲಂಕಾರವಲ್ಲ, ಅದರ ಮೂಲವೇ ಅಲ್ಲಿದೆ ಎಂಬುದನ್ನು ತಿಳಿಸಲು ಇಷ್ಟು ಹೇಳಿದೆ.

ಸಮಿತಿ ಹೊರತೆಗೆದ ಸಂಗತಿಗಳಲ್ಲಿ ಒಂದನ್ನಾದರೂ ವಿವರವಾಗಿ ಹೇಳದೆ ಮುಂದೆ ಹೋಗಲಾರೆ. ಮುಂದೆ ಬ್ರೌನ್ ವಿಶ್ವವಿದ್ಯಾಲಯವಾದ ಈ ಕಾಲೇಜಿಗೆ ಸನ್ನದು ಸಿಕ್ಕಿದ್ದು 1764ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಾವಿಡೆನ್ಸಿನ ವ್ಯಾಪಾರಸ್ಥರಾದ ಬ್ರೌನ್ ಸಹೋದರರು, ಅಂದರೆ ನಿಕೊಲಸ್, ಜಾನ್, ಜೋಸೆಫ್ ಮತ್ತು ಮೋಸೆಸ್, 'ಸ್ಯಾಲಿ' ಎಂಬ ಹಡಗನ್ನು ಪಶ್ಚಿಮ ಆಫ್ರಿಕಾಕ್ಕೆ ಕಳಿಸಿದರು. ಅದರಲ್ಲಿ 17,000 ಗ್ಯಾಲನ್‌ಗೂ ಮಿಕ್ಕಿದ ರಮ್ ಇತ್ತು, ಈರುಳ್ಳಿ ಇತ್ತು, ಮೇಣದ ಬತ್ತಿಗಳಿದ್ದವು, 40 ಕೈಕೋಳಗಳೂ 40 ಕಾಲುಬೇಡಿಗಳೂ ಇದ್ದವು. ನಾಯಕ ಈಸೆಕ್ ಹಾಪ್‌ಕಿನ್ಸ್ ಆಫ್ರಿಕಾದ ಕರಾವಳಿಯಲ್ಲಿ ತಿಂಗಳುಗಟ್ಟಲೆ ನಿಂತು 196 ಜನರನ್ನು ಕೊಂಡ. ಕೊಂಡ ಪ್ರತಿಯೊಬ್ಬರ ಲೆಕ್ಕವನ್ನೂ, ಅವರಿಗೆ ಕೊಟ್ಟ ಬೆಲೆಯನ್ನೂ, ಸತ್ತವರ ಸಂಖ್ಯೆಯನ್ನೂ ಹಡಗಿನ ಖಾತೆ ಪುಸ್ತಕದಲ್ಲಿ ಬರೆದಿಡಲಾಯಿತು. ಹಿಂದಿರುಗುವ ದಾರಿಯಲ್ಲಿ ಬಂಧಿತರು ತಿರುಗಿಬಿದ್ದರು. ನಾವಿಕರು ಗುಂಡು ಹಾರಿಸಿ ಎಂಟು ಜನರನ್ನು ಕೊಂದರು. ಆನಂತರ ಕೆಲವರು ಊಟ ಬಿಟ್ಟು ಸತ್ತರು, ಕೆಲವರು ನೀರಿಗೆ ಹಾರಿದರು, ಉಳಿದವರನ್ನು ರೋಗ ತಿಂದಿತು. ಒಟ್ಟಿನಲ್ಲಿ 196 ಜನರಲ್ಲಿ 109 ಮಂದಿಯಾದರೂ ಸತ್ತರು. ಬದುಕುಳಿದವರಲ್ಲಿ ಹೆಚ್ಚಿನವರು ಕೆರಿಬಿಯನ್ ದ್ವೀಪವಾದ ಆಂಟಿಗುವದಲ್ಲಿ ಮಾರಾಟವಾದರು. ಈಸೆಕ್‌ನ ಅಣ್ಣ ಸ್ಟೀಫನ್ ಹಾಪ್‌ಕಿನ್ಸ್ ಈ ಕಾಲೇಜಿನ ಮೊದಲ ಕುಲಾಧಿಪತಿಯಾಗಿದ್ದ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನೂ ಆಗಿದ್ದ. ಈಸೆಕ್ ಸ್ವತಃ ಮುಂದೆ ಕ್ರಾಂತಿ ಕಾಲದ ಅಮೆರಿಕನ್ ನೌಕಾಪಡೆಯ ಮೊದಲ ದಂಡನಾಯಕನಾದ.

ಇದು ಒಂದು ಹಡಗಿನ ಕತೆ. ರೋಡ್ ಐಲೆಂಡಿನ ಬಂದರುಗಳಿಂದ ಇಂಥ ಸುಮಾರು ಸಾವಿರ ಯಾನಗಳು ಹೊರಟವು, ಅವು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತು ತಂದವು. ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಕಾಕಂಬಿ ಇಲ್ಲಿಗೆ ಬಂದು ಭಟ್ಟಿಗಳಲ್ಲಿ ರಮ್ ಆಗುತ್ತಿತ್ತು, ಆ ರಮ್ ಆಫ್ರಿಕಾಕ್ಕೆ ಹೋಗಿ ಮನುಷ್ಯರ ಬೆಲೆಯಾಗುತ್ತಿತ್ತು, ಆ ಮನುಷ್ಯರು ಮತ್ತೆ ಕಬ್ಬಿನ ಗದ್ದೆಗೆ ಹೋಗುತ್ತಿದ್ದರು. ಅಮೆರಿಕದ ಹದಿಮೂರು ಬ್ರಿಟಿಷ್ ವಸಾಹತುಗಳಲ್ಲಿ ಅತಿ ಸಣ್ಣದಾಗಿದ್ದ ಈ ಸೀಮೆ, ಉತ್ತರ ಅಮೆರಿಕದಿಂದ ಹೊರಟ ಗುಲಾಮ ಯಾನಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ನಡೆಸಿತು. ಗುಲಾಮಗಿರಿ ಎಂದರೆ ದಕ್ಷಿಣದ ರಾಜ್ಯಗಳ ಪಾಪ, ಉತ್ತರದವರು ಅದನ್ನು ಕೊನೆಗಾಣಿಸಿದ ಪುಣ್ಯವಂತರು ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬಂದಿದ್ದರೆ, ಅವರನ್ನು ಈ ಪಾದಯಾತ್ರೆಗೆ ಕರೆದೊಯ್ಯಲು ಅದೊಂದೇ ಕಾರಣ ಸಾಕು. 1770ರಲ್ಲಿ ಕಟ್ಟಿದ, ಇಂದಿಗೂ ಆಡಳಿತ ಕಚೇರಿಗಳಿರುವ ಯೂನಿವರ್ಸಿಟಿ ಹಾಲ್‌ನ ಗೋಡೆಗಳಿಗೆ ಗುಲಾಮರ ದುಡಿಮೆಯೂ ಸೇರಿತ್ತೆಂಬುದು ಕಟ್ಟಡದ ಲೆಕ್ಕಪತ್ರಗಳಲ್ಲೇ ದಾಖಲಾಗಿದೆ. ಅದರ ಹತ್ತಿರದಲ್ಲೇ ಶಿಲ್ಪಿ ಮಾರ್ಟಿನ್ ಪರ್ಯರ್ 2014ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ನೆಲದಲ್ಲಿ ಅರ್ಧ ಹೂತಿರುವ ಕಬ್ಬಿಣದ ಗುಮ್ಮಟ, ಅದರಿಂದ ಮೇಲೇಳುವ ದಪ್ಪ ಸರಪಳಿ, ತುದಿಯಲ್ಲಿ ತುಂಡಾದ ಕೊಂಡಿ. ತಿಳಿಯದವರು ಅದನ್ನು ಯಾವುದೋ ಆಧುನಿಕ ಕಲಾಕೃತಿ ಎಂದುಕೊಂಡು ದಾಟಿ ಹೋಗುತ್ತಾರೆ, ನಮ್ಮವರು ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವುದೂ ಉಂಟು.

ಆ ನಾಲ್ವರು ಸಹೋದರರ ಪೈಕಿ ಮೋಸೆಸ್ ಮತ್ತು ಜಾನ್ ಇಬ್ಬರ ದಾರಿ ಬೇರೆ ಬೇರೆಯಾದದ್ದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆಸಕ್ತಿಕರವಾದ ಭಾಗ. ಮೋಸೆಸ್ 1773ರಲ್ಲಿ ತನ್ನ ಗುಲಾಮರನ್ನು ಬಿಡುಗಡೆ ಮಾಡಿ, ಕ್ವೇಕರ್ ಎಂಬ ಕ್ರೈಸ್ತ ಪಂಥವನ್ನು ಸೇರಿ, ಉಳಿದ ಬದುಕನ್ನೆಲ್ಲ ಗುಲಾಮಗಿರಿಯ ವಿರುದ್ಧ ಹೋರಾಡಲು ತೊಡಗಿಸಿದ. ಕಾಲೇಜಿನ ಖಜಾಂಚಿಯೂ ಆಗಿದ್ದ ಜಾನ್ ಆ ವ್ಯಾಪಾರವನ್ನು ಬಹಿರಂಗವಾಗಿ ಸಮರ್ಥಿಸಿಕೊಂಡ. ವಿದೇಶಗಳಿಗೆ ಗುಲಾಮರನ್ನು ಸಾಗಿಸುವುದನ್ನು ನಿಷೇಧಿಸಿದ 1794ರ ಕಾನೂನಿನಡಿ 1797ರಲ್ಲಿ ವಿಚಾರಣೆಗೆ ಒಳಗಾಗಿ, 'ಹೋಪ್' ಎಂಬ ಹಡಗನ್ನು ಕಳೆದುಕೊಂಡ. ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯ ತಮ್ಮ, ಕೆಟ್ಟ ಅಣ್ಣ ಎಂಬ ಸುಲಭದ ಕತೆಯಾಗುತ್ತದೆ. ಆದರೆ ರೋಡ್ ಐಲೆಂಡಿನದೇ ಪಾಟಕೆಟ್‌ನಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿಯನ್ನು ಆರಂಭಿಸಿದಾಗ ಅದಕ್ಕೆ ಬಂಡವಾಳ ಹಾಕಿದವನು ಇದೇ ಮೋಸೆಸ್. ಅಲ್ಲಿ ನೂಲಾಗುತ್ತಿದ್ದ ಹತ್ತಿಯನ್ನು ಬೆಳೆದವರು ಗುಲಾಮರು. ಮುಂದೆ ರೋಡ್ ಐಲೆಂಡಿನ ಗಿರಣಿಗಳು ದಕ್ಷಿಣದ ತೋಟಗಳ ಗುಲಾಮರಿಗೆ ತೊಡಿಸುವ ಒರಟು ಬಟ್ಟೆಯನ್ನು ನೇಯ್ದು ಮಾರುವುದನ್ನೇ ಒಂದು ಉದ್ಯಮ ಮಾಡಿಕೊಂಡವು. ಮನಸ್ಸು ಬದಲಾಯಿಸಿದವನ ಕೈಯೂ ಆ ವ್ಯವಸ್ಥೆಯಿಂದ ಪೂರ್ತಿ ಬಿಡಿಸಿಕೊಳ್ಳಲು ಆಗಲಿಲ್ಲ.

ಹತ್ತಿಯ ಮಾತು ಬಂದಮೇಲೆ ಧಾರವಾಡವನ್ನು ನೆನೆಯದಿರಲಾಗದು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯನ್ನೇ ನೆಚ್ಚಿಕೊಂಡಿರುವುದು ಅಪಾಯವೆಂದು ಬಗೆದ ಈಸ್ಟ್ ಇಂಡಿಯಾ ಕಂಪನಿ, 1840ರಲ್ಲಿ ಅಮೆರಿಕದ ದಕ್ಷಿಣದಿಂದ ಹತ್ತಿ ತೋಟಗಳ ಅನುಭವಿಗಳನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರು ತಂದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಮುಂಬೈ ಪ್ರಾಂತ್ಯದ ಬೇರೆ ಕಡೆಗಳಲ್ಲಿ ಸೋತರೂ ಧಾರವಾಡದ ಎರೆಹೊಲಗಳಲ್ಲಿ ನೆಲೆಯೂರಿತು, ಜವಾರಿ ಹತ್ತಿಯ ಪಕ್ಕದಲ್ಲೇ ಬೆಳೆದು 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ವಿದೇಶದ ಪೇಟೆಗೆ ಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಹುಬ್ಬಳ್ಳಿ, ಗದಗ, ಧಾರವಾಡಗಳ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಚಕ್ಕಡಿಗಳು ಅರಳೆಯನ್ನು ಹೊತ್ತು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಬಿದ್ದು ಸಾಲ ಉಳಿಯಿತು. ಅಮೆರಿಕದ ಗುಲಾಮಗಿರಿಗೂ ಕನ್ನಡ ನಾಡಿನ ರೈತನಿಗೂ ಸಂಬಂಧವೇ ಇಲ್ಲ ಎನ್ನುವವರು ಆ ನಾಲ್ಕು ವರ್ಷಗಳ ಧಾರಣೆಯನ್ನು ಏನೆಂದು ವಿವರಿಸುತ್ತಾರೋ ಕೇಳುವ ಕುತೂಹಲ ನನಗಿದೆ.

ಇದಕ್ಕಿಂತ ಹತ್ತಿರದ ಸಂಬಂಧವೂ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಕಾಡುಗಳಲ್ಲಿ ಬಾಳುತ್ತಿರುವ ಸಿದ್ದಿಗಳಲ್ಲಿ ಬಹುಪಾಲು ಜನ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರ ಸಂತತಿ. ಯಜಮಾನರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರೂ ಅವರ ಪೂರ್ವಿಕರಲ್ಲಿದ್ದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬ್ರೌನ್ ವಿಶ್ವವಿದ್ಯಾಲಯ ತನ್ನ ಸಮಿತಿಯನ್ನು ನೇಮಿಸಿದ್ದೂ ಅದೇ ವರ್ಷ ಎಂಬುದು ಕೇವಲ ಕಾಕತಾಳೀಯ, ಆದರೂ ನನ್ನ ತಲೆಯಿಂದ ಅದು ಹೋಗುವುದಿಲ್ಲ. ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ಬಗ್ಗೆ ಜಗತ್ತಿನಲ್ಲಿ ನಡೆಯುವಷ್ಟು ಚರ್ಚೆ ಹಿಂದೂ ಮಹಾಸಾಗರದ ವ್ಯಾಪಾರದ ಬಗ್ಗೆ ನಡೆಯುವುದಿಲ್ಲ. ಕನ್ನಡ ಮಾತಾಡುವ ಆಫ್ರಿಕಾ ಮೂಲದ ಜನ ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಇದ್ದಾರೆಂಬುದು ನ್ಯೂ ಇಂಗ್ಲೆಂಡಿನಲ್ಲಿ ಎಷ್ಟು ಮಂದಿಗೆ ಗೊತ್ತು? ನಮ್ಮ ಮನೆಯ ಮಕ್ಕಳಿಗೇ ಗೊತ್ತಿಲ್ಲ. ಪ್ರೇಕ್ಷಕರಾಗಿ ಹೋಗುವುದರ ಜೊತೆಗೆ ಆ ವೇದಿಕೆಗೆ ನಾವು ಒಯ್ಯಬಹುದಾದ ವಿಷಯವೂ ಇದೆ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿ.

ನಾವು ಆಮೇಲೆ ಬಂದವರು ಎಂಬ ವಾದವನ್ನೂ ಸ್ವಲ್ಪ ನೋಡೋಣ. ಬಂದದ್ದು ಹೇಗೆ? 1946ರ ಕಾನೂನು ಭಾರತದಿಂದ ಇಲ್ಲಿಗೆ ವಲಸೆ ಬರಲು ಅವಕಾಶ ಕೊಟ್ಟದ್ದು ವರ್ಷಕ್ಕೆ 100 ಜನರಿಗೆ. ಆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. 1964ರ ನಾಗರಿಕ ಹಕ್ಕುಗಳ ಕಾನೂನು ಮತ್ತು 1965ರ ಮತದಾನ ಹಕ್ಕುಗಳ ಕಾನೂನಿನ ಬೆನ್ನಿಗೇ ಅದು ಬಂತು. ಜನಾಂಗ ನೋಡಿ ಮನುಷ್ಯರನ್ನು ಅಳೆಯುವುದು ಸರಿಯಲ್ಲವೆಂದು ಒಂದು ದೇಶದ ಶಾಸನಸಭೆ ಒಪ್ಪುವ ಹಾಗೆ ಮಾಡಿದವರು ಬೀದಿಗಳಲ್ಲಿ ಲಾಠಿ ಏಟು ತಿಂದ, ಜೈಲು ಸೇರಿದ, ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು. ನಮ್ಮ ಹಿರಿಯರು ಎಂಜಿನಿಯರುಗಳಾಗಿ, ವೈದ್ಯರಾಗಿ ಇಲ್ಲಿ ಬಂದಿಳಿಯುವ ಹೊತ್ತಿಗೆ ಆ ಏಟುಗಳ ಗಾಯ ಇನ್ನೂ ಮಾಯ್ದಿರಲಿಲ್ಲ. ಸ್ವಂತ ಪರಿಶ್ರಮದಿಂದ ಮೇಲೆ ಬಂದೆವೆಂದು ನಮ್ಮ ಸಮಾರಂಭಗಳಲ್ಲಿ ಹೇಳಿಕೊಳ್ಳುವುದರಲ್ಲಿ ಸುಳ್ಳಿಲ್ಲ, ಆದರೆ ಆ ಮಾತಿನಲ್ಲಿ ಬಿಟ್ಟುಹೋಗಿರುವ ಜನ ಇವರು.

ಇನ್ನೊಂದು ಹಿಂಜರಿಕೆಯಿದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಇನ್ನೊಬ್ಬರ ಮನೆಯ ಹಳೆಯ ಲೆಕ್ಕವನ್ನು ಕೇಳುತ್ತ ಕೂತರೆ ನಮ್ಮ ಮನೆಯ ಲೆಕ್ಕವೂ ನೆನಪಾಗುತ್ತದೆ. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರ ಐದನೆಯ ಕಾಯಿದೆಯಿಂದ. ಜೀತವನ್ನು ಶಿಕ್ಷಾರ್ಹ ಅಪರಾಧವೆಂದು ಘೋಷಿಸಿದ್ದು 1976ರ ಕಾಯಿದೆ, ಅಂದರೆ ಇಲ್ಲಿರುವ ನಮ್ಮಲ್ಲಿ ಅನೇಕರು ಹುಟ್ಟಿದ ಮೇಲೆ. ಕರಾವಳಿಯ ಗುತ್ತು ಬೀಡುಗಳಲ್ಲಿ, ಬಯಲುಸೀಮೆಯ ಗೌಡಿಕೆಯ ಮನೆಗಳಲ್ಲಿ ತಲೆತಲಾಂತರದಿಂದ ದುಡಿದ ಆಳುಗಳು ಯಾವ ಜಾತಿಯವರೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಟ್ಲಾಂಟಿಕ್ ಗುಲಾಮಗಿರಿಯೂ ಜೀತವೂ ಜಾತಿಯೂ ಒಂದೇ ಅಲ್ಲ, ಒಂದೆಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. ಆದರೆ ಇವುಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಿದವರು ಬಹಳ ಹಿಂದೆಯೇ ಇದ್ದರು. 1946ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ವಿದ್ವಾಂಸರೂ ಹೋರಾಟಗಾರರೂ ಆದ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಗಳನ್ನು ಕೇಳಿದ್ದರು. ಡು ಬಾಯ್ಸ್ ಅದಕ್ಕೆ ಉತ್ತರಿಸಿದ್ದರು. ಮ್ಯಾಸಚೂಸೆಟ್ಸಿನಲ್ಲೇ ಹುಟ್ಟಿದ ಡು ಬಾಯ್ಸ್ ಅವರ ಕಾಗದಪತ್ರಗಳೊಂದಿಗೆ ಆ ಓಲೆಗಳೂ ಇಂದು ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ತಾರತಮ್ಯ ನಿಷೇಧದ ನಿಯಮಗಳಿಗೆ ಜಾತಿಯನ್ನು ಸೇರಿಸಿದ ಮೊದಲ ಅಮೆರಿಕನ್ ವಿಶ್ವವಿದ್ಯಾಲಯ ವಾಲ್ತಮ್‌ನ ಬ್ರಾಂಡೈಸ್, 2019ರಲ್ಲಿ. ಐವಿ ಲೀಗ್ ವಿಶ್ವವಿದ್ಯಾಲಯಗಳ ಪೈಕಿ ಆ ಹೆಜ್ಜೆಯನ್ನು ಮೊದಲು ಇಟ್ಟದ್ದು ಬ್ರೌನ್, 2022ರ ಡಿಸೆಂಬರಿನಲ್ಲಿ. ನಮ್ಮ ವಿಷಯ ಈಗಾಗಲೇ ಆ ಆವರಣದೊಳಗೆ ಹೋಗಿದೆ, ನಾವು ಮಾತ್ರ ಹೊರಗೆ ನಿಂತಿದ್ದೇವೆ.

ಕೇಂದ್ರವನ್ನು ಬರೀ ಹೊಗಳಲು ಈ ಪತ್ರ ಬರೆಯುತ್ತಿಲ್ಲ. ವರದಿಯ ನಂತರ ಪ್ರಾವಿಡೆನ್ಸಿನ ಶಾಲಾ ಮಕ್ಕಳಿಗಾಗಿ ಒಂದು ಕೋಟಿ ಡಾಲರುಗಳ ನಿಧಿಯನ್ನು ಕಟ್ಟುವುದಾಗಿ ವಿಶ್ವವಿದ್ಯಾಲಯ 2007ರಲ್ಲಿ ಘೋಷಿಸಿತು. ಆ ಮೊತ್ತ ಪೂರ್ತಿಯಾದದ್ದು 2020ರಲ್ಲಿ. ಈ ನಡುವೆ ನಗರದ ಶಾಲೆಗಳ ಸ್ಥಿತಿ ಎಷ್ಟು ಹದಗೆಟ್ಟಿತೆಂದರೆ, 2019ರಲ್ಲಿ ರಾಜ್ಯ ಸರ್ಕಾರವೇ ಅವುಗಳ ಆಡಳಿತವನ್ನು ವಹಿಸಿಕೊಳ್ಳಬೇಕಾಯಿತು. ಬೆಟ್ಟದ ಮೇಲಿನ ಶ್ರೀಮಂತ ವಿಶ್ವವಿದ್ಯಾಲಯವೊಂದಕ್ಕೆ ಇಷ್ಟು ಹಣ ಹೊಂದಿಸಲು ಹದಿಮೂರು ವರ್ಷ ಬೇಕಿತ್ತೇ ಎಂದು ಕೇಳುವವರನ್ನು ನಾನು ತಪ್ಪೆನ್ನಲಾರೆ. ಉಪನ್ಯಾಸ ಕೇಳಿ, ಚಪ್ಪಾಳೆ ತಟ್ಟಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುವ ಅಪಾಯ ಇಂಥ ಕಾರ್ಯಕ್ರಮಗಳಲ್ಲಿ ಯಾವಾಗಲೂ ಇರುತ್ತದೆ. ವಿದ್ವಾಂಸರ ಭಾಷೆಯೂ ಕೆಲವೊಮ್ಮೆ ಸಾಮಾನ್ಯರ ತಲೆಯ ಮೇಲೆ ಹಾದುಹೋಗುತ್ತದೆ. ಆದ್ದರಿಂದಲೇ ಮೊದಲ ಸಲ ಹೋಗುವವರಿಗೆ ಸಭಾಂಗಣದ ಭಾಷಣಕ್ಕಿಂತ ಪಾದಯಾತ್ರೆಯನ್ನೇ ನಾನು ಸೂಚಿಸುತ್ತೇನೆ. ಕಟ್ಟಡದ ಮುಂದೆ ನಿಂತು ಕೇಳಿದ ಚರಿತ್ರೆಗೆ ಬೇರೆಯದೇ ಹಿಡಿತವಿದೆ, ಪ್ರಶ್ನೆ ಕೇಳಲೂ ಸಂಕೋಚವಾಗುವುದಿಲ್ಲ.

ಮಕ್ಕಳ ಮನಸ್ಸು ನೋಯುತ್ತದೆ ಎನ್ನುವ ತಂದೆತಾಯಿಯರಿಗೆ ಇಷ್ಟೇ ಹೇಳುತ್ತೇನೆ: ಹರಿಶ್ಚಂದ್ರ ಕಾಶಿಯ ಪೇಟೆಯಲ್ಲಿ ಹೆಂಡತಿ ಮಗನನ್ನು ಮಾರಿದ ಕತೆಯನ್ನು ಕೇಳಿಯೇ ನಾವೆಲ್ಲ ಬೆಳೆದೆವು. ಪ್ರೌಢಶಾಲೆಯ ವಯಸ್ಸಿನ ಮಕ್ಕಳಿಗೆ 'ಸ್ಯಾಲಿ' ಹಡಗಿನ ಖಾತೆ ಪುಸ್ತಕವನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಖಂಡಿತ ಇದೆ. ವೀಸಾ ಮೇಲೆ ಇರುವ ನಮಗೆ ಈ ದೇಶದ ಜಗಳ ಏಕೆ ಎನ್ನುವವರ ಅಳುಕು ಈಗಿನ ದಿನಗಳಲ್ಲಿ ಅರ್ಥವಾಗುವಂಥದ್ದೇ, ಆದರೆ ಒಂದು ವಿಶ್ವವಿದ್ಯಾಲಯ ತನ್ನದೇ ಚರಿತ್ರೆಯನ್ನು ಹೇಳುವಾಗ ಕೂತು ಕೇಳುವುದು ಜಗಳದಲ್ಲಿ ಪಾಲ್ಗೊಂಡ ಹಾಗಾಗುವುದಿಲ್ಲ.

ಈ ಕಾರಣಗಳಿಂದ ಕೂಟಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆಗಳು ಕೆಲವಿವೆ. ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ವರ್ಷಕ್ಕೊಮ್ಮೆಯಾದರೂ ಕುಟುಂಬಗಳನ್ನು ಒಟ್ಟುಗೂಡಿಸಿ ಈ ಪಾದಯಾತ್ರೆಗೆ ಹೋಗುವ ಏರ್ಪಾಡಾಗಲಿ. ಬಾಸ್ಟನ್ನಿನ ಸೌತ್ ಸ್ಟೇಷನ್‌ನಿಂದ ಪ್ರಾವಿಡೆನ್ಸಿಗೆ ನೇರ ರೈಲಿದೆ, ನಿಲ್ದಾಣದಿಂದ ಕಾಲೇಜಿನ ಗುಡ್ಡವನ್ನು ನಡೆದೇ ಹತ್ತಬಹುದು. ಕೇಂದ್ರ ಇರುವುದು ವಾಟರ್‌ಮನ್ ಬೀದಿಯ 94ನೆಯ ಸಂಖ್ಯೆಯ ಮನೆಯಲ್ಲಿ. ಗುಂಪಾಗಿ ಹೋಗುವವರು ಅವರಿಗೆ ಮುಂಚಿತವಾಗಿ ಬರೆದು ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆರು ತಿಂಗಳಿಗೆಂದು ಊರಿನಿಂದ ಬಂದು ಮನೆಯೊಳಗೇ ದಿನ ಕಳೆಯುವ ತಂದೆತಾಯಿಯರನ್ನೂ ಕರೆದೊಯ್ಯಿರಿ. ಅವರಿಗೆ ಜೀತದ ಕಾಲದ ನೆನಪಿರುತ್ತದೆ, ಇಂಗ್ಲಿಷಿನಲ್ಲಿ ಹೇಳಿದ್ದು ಪೂರ್ತಿ ತಿಳಿಯದೆ ಹೋಗಬಹುದು. ಆದ್ದರಿಂದ ಆ ನಡಿಗೆಯ ತಾಣಗಳ ಬಗ್ಗೆ ಕನ್ನಡದಲ್ಲಿ ಒಂದು ಕಿರುಪುಸ್ತಕವನ್ನು ಸಿದ್ಧಪಡಿಸಲು ನಾನು ತಯಾರಿದ್ದೇನೆ. ಚರಿತ್ರೆ ಓದಿಕೊಂಡ ಇನ್ನಿಬ್ಬರು ಕೈಜೋಡಿಸಿದರೆ ಕೆಲಸ ಸರಾಗವಾಗುತ್ತದೆ.

ಕೊನೆಯ ಕೋರಿಕೆ ಸ್ವಲ್ಪ ದೊಡ್ಡದು. ಉತ್ತರ ಕನ್ನಡದ ಸಿದ್ದಿ ಸಮುದಾಯದಲ್ಲಿ ಇಂದು ಓದಿದವರಿದ್ದಾರೆ, ಕಲಾವಿದರಿದ್ದಾರೆ, ಕ್ರೀಡಾಪಟುಗಳಿದ್ದಾರೆ, ವಿಧಾನ ಪರಿಷತ್ತಿನ ಸದಸ್ಯರಾದವರೂ ಇದ್ದಾರೆ. ಅವರ ಪೈಕಿ ಒಬ್ಬಿಬ್ಬರನ್ನು ಇಲ್ಲಿಗೆ ಕರೆಸಿ, ತಮ್ಮ ಜನರ ಕತೆಯನ್ನು ತಾವೇ ಕನ್ನಡದಲ್ಲಿ ಹೇಳುವಂತೆ ಒಂದು ಕಾರ್ಯಕ್ರಮವನ್ನು ಕೇಂದ್ರದ ಜೊತೆ ಸೇರಿ ನಡೆಸಲು ಸಾಧ್ಯವೇ ಎಂದು ಕೂಟಗಳು ಅಧಿಕೃತವಾಗಿ ಬರೆದು ಕೇಳಬೇಕು. ಚಲನಚಿತ್ರ ತಾರೆಯರನ್ನೂ ಗಾಯಕರನ್ನೂ ಕರೆಸಲು ನಾವು ಎಷ್ಟು ಹಣ ಕೂಡಿಸುತ್ತೇವೆಂಬುದು ಎಲ್ಲರಿಗೂ ಗೊತ್ತಿದೆ, ಇದಕ್ಕೆ ಅದರ ಅರ್ಧವೂ ಬೇಕಾಗಲಾರದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಯಲ್ಲಿ ಈ ಪತ್ರವನ್ನು ಸೇರಿಸಿ, ಚರ್ಚಿಸಿ, ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಸದಸ್ಯರೆಲ್ಲರಿಗೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪ್ರಾವಿಡೆನ್ಸ್ ಸಮೀಪದ ನಿವಾಸಿಯಾದ ಒಬ್ಬ ಕನ್ನಡಿಗ